ಮಲಗೋವಾಗ ಒಂದು ಪಾಠ

"ನಿಮಗೆ ಸರಿಯಾಗಿ ನಿದ್ದೆ ಬರಲ್ಲ, ಅಲ್ವಾ?"

ಹೆಣ್ಣು ನೋಡೋಕೆ ಬಂದವನು ಕೇಳೋ ಮೊದಲ ಪ್ರಶ್ನೆನಾ ಇದು! ಕಾಫಿ ಲೋಟ ಕೊಡ್ತಿದ್ದ ಲೋಹಿತಾ ಬೆಚ್ಚಿಬಿದ್ದಳು. ಪಾವಗಡದ ಕಡೆಯ ವೈ.ಎನ್.ಹೊಸಕೋಟೆಯ ಪ್ರಸನ್ನಕುಮಾರ್ ಅವಳ ಕೆಂಪು ಕಣ್ಣುಗಳನ್ನೇ ನೋಡ್ತಿದ್ದ.

ನಿದ್ದೆ ಎಲ್ಲಿಂದ ಬರಬೇಕು ಹೇಳಿ? ಹೋದ ವರ್ಷ ನಿಶ್ಚಯವಾಗಿದ್ದ ಮದುವೆ ಮುರಿದುಬಿತ್ತು. ಅವತ್ತೇ ಮನೆಯವರು ಕೆಲಸ ಬಿಡಿಸಿದ್ರು. ಮಧುಗಿರಿಯ ಆ ಮನೆಯಿಂದ ಹೊರಗೆ ಕಾಲಿಡಬೇಕಂದ್ರೆ ಅಮ್ಮ ಜೊತೆಗಿರಬೇಕು. ಇನ್ನು ಪಾಠಗಳೋ... ಹಿಂಗೆ ನಿಲ್ಲು, ಹಂಗೆ ನಗಬೇಡ, ತಗ್ಗಿ ಬಗ್ಗಿ ನಡಿ! ಅತ್ತೆ, ಚಿಕ್ಕಮ್ಮ, ಎದುರುಮನೆ ರಾಮಾಂಜಿನಮ್ಮ, ಒಬ್ರಾದ ಮೇಲೆ ಒಬ್ರು. ಕಣ್ಣು ಮುಚ್ಚಿದ್ರೂ ಆ ದನಿಗಳೇ ಕಿವೀಲಿ ಕೊರೀತಿದ್ವು.

ಹೊರಡುವಾಗ ಪ್ರಸನ್ನ ಮೆಲ್ಲಗೆ ಅಂದ, "ನಿಮ್ಮ ನಂಬರ್ ನಿಮ್ಮಮ್ಮ ಕೊಟ್ಟಿದ್ದಾರೆ. ಒಂದು ಪಾಠ ಕಳಿಸ್ತೀನಿ, ಮಲಗೋವಾಗ ಕೇಳಿ."

ಲೋಹಿತಾಗೆ ಮೈಯೆಲ್ಲ ಉರಿದುಹೋಯ್ತು. ಅಬ್ಬಬ್ಬಾ! ತಾಳಿ ಕಟ್ಟೋಕೆ ಮುಂಚೇನೇ ಇವನದ್ದೂ ಶುರುವಾಯ್ತಾ?

"ನಂಗೆ ಈ ಹುಡುಗ ಬೇಡಮ್ಮ."

ಅಮ್ಮ ದಾಕ್ಷಾಯಣಮ್ಮ ರೇಗಿದರು. "ಆಯ್ತು ಬುಡು, ಬೆಳಿಗ್ಗೆ ಹೇಳ್ಬುಡ್ತೀನಿ. ಆದ್ರೆ ಇನ್ಮೇಲೆ ನಿನ್ನ ಕೇಳೋದಿಲ್ಲ ಕಣಮ್ಮ. ಕೊರಟಗೆರೆಯ ಎರಡನೇ ಸಂಬಂಧದೋನು ಕೇಳ್ತಾವ್ನೆ, ಒಪ್ಕೊಂಡ್ಬುಡೋದೇ!"

ಆ ರಾತ್ರಿ ಅವನ ಮೆಸೇಜ್ ಬಂತು. ಅಳಿಸೋಕೆ ಹೋದವಳು ಕೈ ತಡೆದಳು. ಏನು ಉಪದೇಶ ಮಾಡಿದ್ದಾನೋ ನೋಡೇಬಿಡೋಣ! ಬೈಕೊಂಡೇ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ಅದರಲ್ಲಿ ಮಾತೇ ಇರಲಿಲ್ಲ.

ಒಂದು ಸ್ವರ ನಿಧಾನಕ್ಕೆ ಎದ್ದು, ಅಷ್ಟೇ ನಿಧಾನಕ್ಕೆ ಕರಗಿತು. ಅದರ ಹಿಂದೆ ಇನ್ನೊಂದು. ತಾಳ ಇಲ್ಲ, ಪಲ್ಲವಿ ಇಲ್ಲ, ಯಾರೂ ಏನನ್ನೂ ಹೇಳ್ತಿಲ್ಲ... ಎಷ್ಟು ತಿಂಗಳಾಗಿತ್ತೋ, ಯಾರ ಬುದ್ಧಿಮಾತೂ ಇಲ್ಲದೆ ಹಿಂಗೊಂದು ಗಳಿಗೆ ಕಳೆದು! ಅವಳಿಗೆ ಅಳು ಬಂತು. ಅಳ್ತಾ ಅಳ್ತಾನೇ ನಿದ್ದೆ ಹೋದಳು.

ಎದ್ದಾಗ ಚೆನ್ನಾಗಿ ಬಿಸಿಲೇರಿತ್ತು. ಅಡುಗೆಮನೇಲಿ ಅಮ್ಮನ ದನಿ: "ನಮ್ಮ ಹುಡುಗಿಗೆ ಯಾಕೋ ಮನಸಿಲ್ಲ ಕಣಪ್ಪ ಪ್ರಸನ್ನ..."

ಲೋಹಿತಾ ಓಡಿಬಂದು ಫೋನ್ ಕಿತ್ಕೊಂಡಳು. ಅಮ್ಮನೆದುರು ತಲೆ ಎತ್ತದ ಹುಡುಗಿ ಕಣ್ರೀ ಇವಳು!

"ಪ್ರಸನ್ನ ಅವ್ರೇ... ಪಾಠ ಅಂದ್ರಿ, ಅದ್ರಲ್ಲಿ ಒಂದು ಮಾತೂ ಇಲ್ವಲ್ಲಾ?"

"ಅಯ್ಯೋ, ಪಾಠ ಅಲ್ಲ ಕಣ್ರೀ, ಪಾಟ! ನಮ್ಮ ಪಾವಗಡದ ಕಡೆ ತೆಲುಗು ಜಾಸ್ತಿ, ಹಾಡಿಗೆ ಪಾಟ ಅಂದ್ಬುಡ್ತೀವಿ. ಅದು ಆಂಬಿಯೆಂಟ್ ಮ್ಯೂಸಿಕ್ ಅಂತ, ಮಾತಿಲ್ಲದ ಮೆಲ್ಲನೆ ಸಂಗೀತ. ಅಪ್ಪ ತೀರ್ಕೊಂಡಾಗ ನಂಗೂ ನಿದ್ದೆ ಬರ್ತಿರ್ಲಿಲ್ಲ... ಇದನ್ನ ಹಾಕ್ಕೊಂಡೇ ಮಲಗ್ತಿದ್ದೆ. ಇಷ್ಟ ಆಗ್ಲಿಲ್ವಾ?"

ಅಯ್ಯೋ ಶಿವನೇ! ಒಂದು ಅಕ್ಷರಕ್ಕೆ ಇವನನ್ನ ಕಳ್ಕೊಳ್ತಿದ್ನಲ್ಲಾ...

"ಏಯ್, ಕೊಡೇ ಇಲ್ಲಿ!" ಅಮ್ಮ ಕೈ ಚಾಚಿದರು. ಲೋಹಿತಾ ಕೊಡದೆ ಫೋನಿನಲ್ಲೇ ಹೇಳಿದಳು.

"ಬೇಡ ಅಂದಿದ್ದು ನಾನೇ. ಈಗ ಬೇಕು ಅಂತಿರೋದೂ ನಾನೇ. ಯಾರೂ ಹೇಳಿಸ್ತಿಲ್ಲ."

ಫೋನನ್ನ ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಕೇಳಿಸ್ತಾ?"

"ಕೇಳಿಸ್ತು... ಇನ್ನೊಂದ್ಸಲ ಹೇಳ್ರೀ."

"ಬೇಕು ಕಣ್ರೀ... ನೀವೇ ಬೇಕು."