ಅಜ್ಜಿ ಕಡೆದ ಮೊದಲ ಪ್ಲೇಟು

“ಖಾಲಿ ಇರುವಾಗ ಮಾತ್ರ ನಟ್ ಬಿಗೀಬೇಡ ಕಣೇ! ಒಳಗೆ ಸರಳಿಲ್ಲದೆ ಬಿಗಿದ್ರೆ ಕೋಲೆಟ್ ಕೆಟ್ಟುಹೋಗುತ್ತೆ,” ಎಂದು ಹೇಳಿ ಮೇವಿಸ್ ಅಜ್ಜಿ ಚಹಾ ಮಾಡಲು ಮನೆಯೊಳಗೆ ಹೋದರು.

ಹಿತ್ತಲಿನ ಶೆಡ್ಡಿನಲ್ಲಿ ಹತ್ತು ವರ್ಷದ ಟೆಸ್ಸಾ ಒಬ್ಬಳೇ ಉಳಿದಳು. ಎದುರಿಗೆ ಲೋಹ ಕಡೆಯುವ ಅಜ್ಜಿಯ ಪುಟ್ಟ ಯಂತ್ರ, ಲೇತ್. ಅದಕ್ಕೆ ಈಗಷ್ಟೇ ಕೂರಿಸಿದ, ಸರಳನ್ನು ಹಿಡಿದು ತಿರುಗಿಸುವ ಹೊಸ ಚಕ್. ಅದರೊಳಗಿತ್ತು ಕೋಲೆಟ್, ಉದ್ದುದ್ದ ಸೀಳುಗಳಿರುವ ಉಕ್ಕಿನ ಗಿಡ್ಡ ಕೊಳವೆ. ಸರಳು ತೂರಿಸಿ ನಟ್ ಬಿಗಿದರೆ ಸುತ್ತಲೂ ಸಮನಾಗಿ ಹಿಡಿಯುತ್ತದೆ. ಹಳೆಯ ಚಕ್ಕೋ, ಹಿತ್ತಾಳೆ ಸರಳಿನ ಮೈಮೇಲೆಲ್ಲ ಕಚ್ಚಿದ ಗುರುತು ಬಿಡುತ್ತಿತ್ತು.

ಈ ಹೊಸ ಚಕ್ ಆರಿಸಲು ಅಜ್ಜಿ ಮೂರು ವಾರ ಕ್ಯಾಟಲಾಗ್ ತಿರುವಿಹಾಕಿದ್ದರು. ದೊಡ್ಡದು ಚೆನ್ನಾಗಿದೆ, ಆದರೆ ನಮ್ಮ ಲೇತ್‌ಗೆ ಭಾರ ಎಂದು ಕೊನೆಗೆ ಚಿಕ್ಕದನ್ನೇ ತರಿಸಿದರು. ಅದು ಕೂರಲು ಹಿಂದೆ ಒಂದು ಕಬ್ಬಿಣದ ಪ್ಲೇಟು ಬೇಕು. ಚಕ್ಕು ಬಿಗಿಯಾಗಿ ಕೂರುವಂತೆ ಅದರ ಅಂಚನ್ನು ಇದೇ ಲೇತ್‌ನಲ್ಲಿ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಕಡೆಯಬೇಕು. ಅಜ್ಜಿ ಎರಡು ದಿನ ಅದನ್ನೇ ಕಡೆದಿದ್ದರು.

ಕಣ್ಣಿನ ಆಪರೇಷನ್ ಆದಮೇಲೆ ಅವರಿಗೆ ಇದೇ ಮೊದಲ ಕೆಲಸ. “ಇದು ಸರಿ ಬಂದ್ರೆ ಇಬ್ಬರೂ ಸೇರಿ ಪುಟಾಣಿ ಸ್ಟೀಮ್ ಇಂಜಿನ್ ಮಾಡೋಣ. ಬರಲಿಲ್ವಾ, ಈ ಲೇತನ್ನ ಇಂಜಿನ್ ಮಾಡೋ ಕ್ಲಬ್ಬಿನವರಿಗೆ ಕೊಟ್ಟುಬಿಡ್ತೀನಿ,” ಎಂದಿದ್ದರು. ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ನಡೆಸಿದ ಅಜ್ಜಿ!

ಟೆಸ್ಸಾ ಸುಮ್ಮನಿರಬಾರದೇ? ಆ ಸೀಳುಗಳು ಹೇಗೆ ಮುಚ್ಚಿಕೊಳ್ಳುತ್ತವೆ ಎಂದು ನೋಡುವ ಆಸೆ. ಸ್ಪ್ಯಾನರ್ ಹಾಕಿ ಒಂಚೂರು ತಿರುಗಿಸಿದಳು. ಇನ್ನೊಂಚೂರು. ಆಮೇಲೆ ಜೋರಾಗಿ. ಒಳಗೆ ‘ಟಕ್’ ಎಂದಿತು. ಗಾಬರಿಯಾಗಿ ಮತ್ತೆ ಸಡಿಲಿಸಿಟ್ಟಳು.

ಅಜ್ಜಿ ಚಹಾ, ಬಿಸ್ಕತ್ತು ತಂದರು. ಕೋಲೆಟ್ಟಿಗೆ ಸರಳು ತೂರಿಸುತ್ತ, “ಯಾಕೋ ಹೋಗೋಕೇ ಒಲ್ಲೆ ಅಂತಿದೆಯಲ್ಲ,” ಎಂದರು. ನಟ್ ಬಿಗಿದು, ಓಲಾಟ ಅಳೆಯುವ ಡಯಲ್ ಗೇಜಿನ ತುದಿಯನ್ನು ಸರಳಿಗೆ ತಾಗಿಸಿ, ಚಕ್ಕನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರು. ಮುಳ್ಳು ಅಲುಗದೆ ನಿಂತರೆ ಗೆದ್ದಂತೆ.

ಮುಳ್ಳು ಅತ್ತಿಂದಿತ್ತ ಓಲಾಡಿತು.

“ಅಯ್ಯೋ! ಪ್ಲೇಟು ಸೊಟ್ಟ ಕಡೆದಿದೀನಿ ಕಣೇ. ಹಾಳು ಕಣ್ಣು!”

ಟೆಸ್ಸಾ ಅಜ್ಜಿಯ ತೋಳು ಹಿಡಿದಳು. “ಅಜ್ಜೀ...”

“ತಾಳು ಮರಿ. ಪ್ಲೇಟಲ್ಲಿ ಇನ್ನೊಂಚೂರು ಕಡೆದು ನೋಡ್ತೀನಿ.”

ಟೆಸ್ಸಾ ಬಿಸ್ಕತ್ತು ಬಾಯಿಗೆ ತುರುಕಿಕೊಂಡಳು.

ಅಜ್ಜಿ ಚಕ್ ಬಿಚ್ಚಿ ಪ್ಲೇಟನ್ನು ಕಡೆದರು. ಮತ್ತೆ ಜೋಡಿಸಿ ನೋಡಿದರು. ಮುಳ್ಳು ಓಲಾಡಿತು. ಮತ್ತೆ ಕಡೆದರು. ಮೂರನೆಯ ಸಲ ಚಕ್ ಪ್ಲೇಟಿನ ಮೇಲೆ ಲೊಡಲೊಡ ಅಲುಗಿತು.

“ಮುಗೀತು, ಜಾಸ್ತಿ ತೆಗೆದುಬಿಟ್ಟೆ.” ಅಜ್ಜಿ ಕನ್ನಡಕ ತೆಗೆದು ಸ್ಟೂಲಿನ ಮೇಲೆ ಕುಸಿದು ಕೂತರು. “ಕ್ಲಬ್ಬಿಗೆ ಫೋನ್ ಮಾಡ್ತೀನಿ, ಬಂದು ತಗೊಂಡು ಹೋಗ್ಲಿ.”

ಟೆಸ್ಸಾಗೆ ತಡೆಯಲಾಗಲಿಲ್ಲ. “ಪ್ಲೇಟಲ್ಲ ಅಜ್ಜಿ! ನೀನು ಒಳಗೆ ಹೋದಾಗ ನಾನು ಖಾಲಿ ಕೋಲೆಟ್ ಬಿಗಿದೆ!” ಎಂದು ಗಳಗಳ ಅತ್ತುಬಿಟ್ಟಳು.

ಅಜ್ಜಿ ಕೋಲೆಟ್ ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಸೀಳು ಉಳಿದವುಗಳಿಗಿಂತ ಕಿರಿದಾಗಿತ್ತು.

ಈಗ ಬೈಗುಳ ಬರುತ್ತದೆ ಎಂದು ಟೆಸ್ಸಾ ಕಾದಳು. ಬರಲಿಲ್ಲ.

“ಹಾಗಾದ್ರೆ ನಾನು ಮೊದಲು ಕಡೆದಿದ್ದು... ಅದು ಸರಿಯಾಗಿತ್ತಾ?” ಅಜ್ಜಿ ಮೆಲ್ಲಗೆ ಕೇಳಿದರು.

“ಸರಿಯಾಗೇ ಇತ್ತು! ಖಂಡಿತ ಇತ್ತು ಅಜ್ಜಿ!”

“ನಿಂಗೆ ಹೇಗೆ ಗೊತ್ತು ಮರಿ?”

ಟೆಸ್ಸಾ ಪ್ಲೇಟಿನ ಕಡೆ ನೋಡಿದಳು. ಹೊಸ ಕೋಲೆಟ್ ತರಬಹುದು, ಇನ್ನೊಂದು ಪ್ಲೇಟೂ ತರಬಹುದು. ಅಜ್ಜಿ ಎರಡು ದಿನ ಕೂತು ಕಡೆದ ಆ ಪ್ಲೇಟು ಸರಿಯಿತ್ತೋ ಇಲ್ಲವೋ, ಅದನ್ನು ಇನ್ನು ಯಾವ ಗೇಜೂ ಹೇಳಲಾರದು. ಅಜ್ಜಿ ಮೊದಲು ಕಡೆದ ಆ ಅಂಚು ಲೇತ್‌ನ ಕೆಳಗೆ ಕಪ್ಪು ಪುಡಿಯಾಗಿ ಬಿದ್ದಿತ್ತು.

“ಕ್ಲಬ್ಬಿಗೆ ಫೋನ್ ಮಾಡ್ತೀಯಾ?”

“ಇವತ್ತು ಮಾಡಲ್ಲ. ಮುಂದಿಂದು ಗೊತ್ತಿಲ್ಲ,” ಎಂದರು ಅಜ್ಜಿ. “ಬ್ರಷ್ ತಗೊಂಡು ಕೆಳಗೆ ಗುಡಿಸು.”

ಟೆಸ್ಸಾ ಬ್ರಷ್ ಹಿಡಿದು ಬಗ್ಗಿದಳು. ಪುಡಿ ಇನ್ನೂ ಬೆಚ್ಚಗಿತ್ತು. ಅದನ್ನು ಕಸದ ಡಬ್ಬಿಗೆ ಹಾಕಲು ಅವಳಿಗೆ ಬಹಳ ಹೊತ್ತು ಹಿಡಿಯಿತು.