ಟೀ ಶರ್ಟಿನ ಮೇಲಿನ ತೊಮೆ ಅಜ್ಜಿ

ಲಾರಿ ನನ್ನ ಮೇಲೇ ಬಂತು!

ಪುಟ್ಟ ಬಿಳಿ ಲಾರಿ. ಉಮೆ ಹಣ್ಣಿನ ತೋಟಗಳ ನಡುವಿನ ಇಳಿಜಾರು ರಸ್ತೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತ. ನಾನು ಬೈಕಿನಿಂದ ಹಾರಿದೆ... ಪ್ರಪಾತದ ಕಡೆಗಲ್ಲ, ಅಷ್ಟು ಬುದ್ಧಿ ಇತ್ತು. ಚರಂಡಿಗೆ ಬಿದ್ದೆ. ಮೊಣಕೈ ಚರ್ಮ ಕಿತ್ತುಬಂತು.

ಎದ್ದು ಮತ್ತೆ ಬೈಕ್ ಹತ್ತಿದೆ.

ನಾನು ಸೆಗಾವಾ. ಒಸಾಕಾದವನು. ಪೊಲೀಸ್ ಕೆಲಸ ಬಿಟ್ಟ ಮೇಲೆ, ಪೊಲೀಸರಿಗೆ ಹೇಳಿಕೊಳ್ಳಲಾಗದ ರಗಳೆಗಳನ್ನು ಬಗೆಹರಿಸೋದೇ ನನ್ನ ಕಸುಬು. ಕೊಲೆಗಾರರನ್ನು ಹಿಡಿದಿದ್ದೀನಿ. ಆದರೆ ಅವತ್ತು ನಾನು ಬೆನ್ನಟ್ಟಿದ್ದು ಏನನ್ನ ಗೊತ್ತಾ?

ಟೀ ಶರ್ಟು! ಉಪ್ಪಿನಕಾಯಿ ಕಂಪನಿಯ ಟೀ ಶರ್ಟು!

ಯುಕಾವಾ ಮನೆಯವರ ಉಮೆ ಉಪ್ಪಿನಕಾಯಿ ಲೇಬಲ್ ಮೇಲೆ ಕಿಮೊನೋ ಉಟ್ಟ ಹೆಂಗಸು ಇದ್ದಾಳಲ್ಲ, ಅವಳೇ ತೊಮೆ ಅಜ್ಜಿ. ಹರೆಯದಲ್ಲಿ ಬರೆಸಿದ ಚಿತ್ರ. ಅವತ್ತು ಅವಳಿಗೆ ಎಂಬತ್ತೆಂಟು ತುಂಬುತ್ತಿತ್ತು. ಅಂಗಡಿ ಇನ್ನೂ ಅವಳ ಮುಷ್ಟಿಯಲ್ಲೇ! ಮಗ ಕಿಯೊಹಾರು ಅರವತ್ತು ದಾಟಿದರೂ ಬರೀ 'ಚಿಕ್ಕ ಯಜಮಾನ'. ಆ ಲೇಬಲ್ಲನ್ನೇ ಟೀ ಶರ್ಟಿಗೆ ಹಾಕಿಸಿ ಹುಡುಗರನ್ನು ಸೆಳೀತೀನಿ ಅಂತ ಅವನ ಹಟ.

"ಹುಟ್ಟುಹಬ್ಬದ ದಿನ ಎಲ್ಲರ ಮುಂದೆ ತೋರಿಸು" ಅಂದಿದ್ದಳಂತೆ ಅಜ್ಜಿ. "ಮೆಚ್ಚಿದರೆ ಅಂಗಡಿ ನಿನಗೆ. ಇಲ್ಲವಾ, ನಿನ್ನ ತಂಗಿಗೆ."

ಅದೇ ಬೆಳಿಗ್ಗೆ, ಟೀ ಶರ್ಟುಗಳನ್ನು ಅಚ್ಚು ಹಾಕಿಕೊಟ್ಟ ಕುಬೋಯಿಯೇ ಅವನ್ನೆಲ್ಲ ಗೋದಾಮಿನಿಂದ ಹೇರಿಕೊಂಡು ಪರಾರಿ! ಹಿಡಿದು ತರೋಕೆ ಕಿಯೊಹಾರು ನನ್ನನ್ನ ಅಟ್ಟಿದ.

ಬಂದರಿನ ಕಟ್ಟೆ ಮೇಲೆ ಲಾರಿ ನಿಂತಿತು. ಮುಂದೆ ಸಮುದ್ರ. ಹಿಂದೆ ನಾನು.

ಕುಬೋಯಿ ಇಳಿದ. ಬಡಕಲು ಮುದುಕ. ಒಂದು ಕೈಯಲ್ಲಿ ಸೀಮೆಎಣ್ಣೆ ಡಬ್ಬ, ಇನ್ನೊಂದರಲ್ಲಿ ಲೈಟರ್.

"ಹತ್ತಿರ ಬಂದ್ರೆ ಸುಟ್ಟುಬಿಡ್ತೀನಿ!"

"ಏನನ್ನ?"

"ಮೊದಲು ನಿನ್ನ! ಆಮೇಲೆ ಈ ಪೆಟ್ಟಿಗೆಗಳನ್ನ!"

ಸೀಮೆಎಣ್ಣೆ ನನ್ನ ಎದೆಗೇ ಎರಚಿದ. ಲೈಟರ್ ಒತ್ತಿದ. ಚಿಟ್... ಚಿಟ್... ಕಡಲ ಗಾಳಿ, ಹತ್ತಲಿಲ್ಲ! ಒಂದೇ ನೆಗೆತಕ್ಕೆ ಅವನ ಮಣಿಕಟ್ಟು ತಿರುಚಿದೆ. ಲೈಟರ್ ನೀರಿಗೆ ಬಿತ್ತು.

"ಯಾರು ಮಾಡಿಸಿದ್ದು? ತಂಗಿನಾ?"

"ಯಾರೂ ಅಲ್ಲ! ಪೆಟ್ಟಿಗೆ ಬಿಚ್ಚಿ ನೋಡಪ್ಪಾ... ಕಣ್ಣಿದ್ದರೆ ನೋಡು!" ಮುದುಕ ಅಳೋಕೆ ಶುರು ಮಾಡಿದ.

ಬಿಚ್ಚಿದೆ. ಅಜ್ಜಿಯ ಮುಖ. ಅದೇ ನಗು. ಪಕ್ಕದಲ್ಲಿ ಕಂಪನಿ ಹೆಸರು. ಎಲ್ಲ ಸರಿಯಾಗೇ ಇದೆಯಲ್ಲ... ಅಷ್ಟರಲ್ಲಿ ಕತ್ತಿನ ಹತ್ತಿರ ಕಣ್ಣು ಹೋಯಿತು.

ಕಿಮೊನೋದ ಎಡ ಅಂಚು ಒಳಗೆ. ಬಲ ಅಂಚು ಅದರ ಮೇಲೆ.

ಅಯ್ಯೋ ದೇವರೇ! ಬದುಕಿರೋರು ಎಡ ಅಂಚನ್ನ ಮೇಲೆ ತಂದು ಉಡ್ತಾರೆ. ಹೀಗೆ ತಿರುಗುಮುರುಗಾಗಿ ಉಡಿಸೋದು ಹೆಣಕ್ಕೆ ಮಾತ್ರ!

"ಅಜ್ಜಿ ಮುಖ ಕಂಪನಿ ಹೆಸರಿನ ಕಡೆ ತಿರುಗಿರಲಿ ಅಂತ ಚಿಕ್ಕ ಯಜಮಾನರೇ ಕಂಪ್ಯೂಟರಲ್ಲಿ ಚಿತ್ರ ಎಡಬಲ ಮಾಡಿ ಕಳಿಸಿದ್ರು" ಅಂದ ಕುಬೋಯಿ. "ನಾನು ಬಣ್ಣ ನೋಡಿದೆ, ಮುಖ ನೋಡಿದೆ... ಇದನ್ನ ನೋಡಲಿಲ್ಲ. ಎಲ್ಲ ಮುಗಿದ ಮೇಲೆ ನನ್ನ ಹೆಂಡತಿ ನೋಡಿ ಕಿರುಚಿದಳು. ಫೋನ್ ಮಾಡಿದ್ರೆ, ನೀನು ತಂಗಿ ಕಡೆಯವನು ಅಂತ ಬೈದು ಇಟ್ಟುಬಿಟ್ರು!"

ನಾನೂ ಫೋನ್ ಮಾಡಿದೆ.

"ಸಿಕ್ತಾ?" ಅಂದ ಕಿಯೊಹಾರು.

"ಸಿಕ್ತು. ಆದರೆ ಯಜಮಾನ್ರೇ, ಚಿತ್ರದಲ್ಲಿ..."

"ಚಿತ್ರದ ಉಸಾಬರಿ ನಿಮಗ್ಯಾಕ್ರೀ? ಆ ಕುಬೋಯಿ ಕಿವಿ ಊದಿದ್ನಾ?"

"ಅಮ್ಮಾವ್ರ ಕಿಮೊನೋ..."

"ಸೆಗಾವಾ-ಸಾನ್! ನಿಮ್ಮನ್ನ ಕರೆಸಿದ್ದು ತರೋಕೆ. ಯೋಚನೆ ಮಾಡೋಕಲ್ಲ. ತನ್ನಿ!"

ಫೋನ್ ಕಟ್.

ಪೆಟ್ಟಿಗೆಗಳನ್ನ ತಂದುಕೊಟ್ಟೆ. ಕೋಣನ ಮುಂದೆ ಕಿನ್ನರಿ ಬಾರಿಸೋ ಚಟ ನನಗಿಲ್ಲ.

ಅಜ್ಜಿಯ ಹುಟ್ಟುಹಬ್ಬಕ್ಕೆ ಹೋಟೆಲಿನ ಹಾಲ್ ತುಂಬ ಜನ. ಕಿಯೊಹಾರು ಜನ್ಮದಲ್ಲಿ ಸೂಟು ಟೈ ಬಿಟ್ಟು ಬೇರೆ ತೊಟ್ಟವನಲ್ಲ. ಅವತ್ತು ಸೂಟಿನ ಮೇಲೇ ಟೀ ಶರ್ಟ್ ಎಳೆದುಕೊಂಡು, ಉಳಿದದ್ದನ್ನು ಕೈಯಾರೆ ಹಂಚಿದ. ಎಲ್ಲರೂ ಹಾಕಿಕೊಂಡರು. ಎದುರು ಕೂತವರ ಎದೆ ನೋಡಿದರು.



ಎಲ್ಲರಿಗೂ ಕಂಡಿತು. ಒಬ್ಬರೂ ಬಾಯಿ ಬಿಡಲಿಲ್ಲ. ನಮ್ಮವರ ಮರ್ಯಾದೆ ಅಂದರೆ ಅದು... ಮನೆಗೆ ಬೆಂಕಿ ಬಿದ್ದರೂ 'ಬೆಚ್ಚಗಿದೆ' ಅಂತಾರೆ!

"ಬಣ್ಣ ಚೆನ್ನಾಗಿದೆ" ಅಂದರು ಬ್ಯಾಂಕ್ ಮ್ಯಾನೇಜರು.

"ಬಟ್ಟೆ... ಮೃದುವಾಗಿದೆ" ಅಂದರು ಅವರ ಹೆಂಡತಿ.

ಊರಿನ ಸಾವಿಗೆಲ್ಲ ಮಂತ್ರ ಹೇಳೋ ಮುದಿ ಪುರೋಹಿತರ ಕೈ ಮಾತ್ರ ಅಭ್ಯಾಸಬಲದಿಂದ ಜಪಮಾಲೆಗೆ ಹೋಯಿತು.

"ನೋಡಿದೆಯಾ ಅಮ್ಮಾ? ಎಲ್ಲರೂ ಮೆಚ್ಚಿದರು!" ಕಿಯೊಹಾರು ಅಂಗಡಿ ಬರೆದುಕೊಡೋ ಕಾಗದಪತ್ರ ಮುಂದಿಟ್ಟ.

ಅಜ್ಜಿ ಮಗನ ಎದೆಯ ಮೇಲಿದ್ದ ತನ್ನನ್ನೇ ತಾನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ತಂದವನು ನೀನಾ?"

"ಹೌದಮ್ಮಾ."

"ನಿನಗೆ ಕಂಡಿತ್ತಾ?"

"ಕಂಡಿತ್ತು. ಹೇಳೋಕೆ ಹೋದೆ... ಕೇಳಲಿಲ್ಲ."

"ಅವನು ಯಾರ ಮಾತು ಕೇಳಿದಾನೆ!"

ಸೊಂಟಪಟ್ಟಿಯಿಂದ, ಸಹಿಯ ಬದಲು ಒತ್ತೋ ತನ್ನ ಮುದ್ರೆ ತೆಗೆದಳು. ಅದರ ಮೇಲೆ ಹಾ ಅಂತ ಉಸಿರು ಊದಿದಳು. ಕಿಯೊಹಾರು ಕಣ್ಣು ಹೊಳೆಯಿತು. ಅಜ್ಜಿ ಮುದ್ರೆಯನ್ನು ಹಾಗೇ ವಾಪಸ್ ಸಿಕ್ಕಿಸಿಕೊಂಡಳು.

"ಒತ್ತಬಹುದಿತ್ತು ಕಣೋ. ಆದರೆ ನನಗೆ ಹೆಣದ ಉಡುಗೆ ಉಡಿಸಿ ಊರಿಗೆಲ್ಲ ಹಂಚಿಬಿಟ್ಟೆಯಲ್ಲ... ಸತ್ತವರು ಮುದ್ರೆ ಒತ್ತೋದು ಎಲ್ಲಾದರೂ ಉಂಟಾ?"

ಕಿಯೊಹಾರು ತಲೆ ಬಗ್ಗಿಸಿ ತನ್ನ ಎದೆ ನೋಡಿಕೊಂಡ. ಈಗ ಕಂಡಿತು. ಪಾಪ, ಆ ಮುಖ ನೋಡಿ ನನಗೂ ಅಯ್ಯೋ ಅನ್ನಿಸಿತು.

"ಸಾನಾಎ, ನಾಳೆಯಿಂದ ಅಂಗಡಿ ನೀನು ನೋಡ್ಕೋಮ್ಮ" ಅಂದಳು ಅಜ್ಜಿ ಮಗಳಿಗೆ. "ಈಗ ಅನ್ನ ಬಡಿಸು."

ಸತ್ತವಳು ಅವತ್ತು ಮೂರು ಬಟ್ಟಲು ಉಂಡಳು!