ಗಾಳಿ ಮಾರಿದ ಊರು

ಒಂದು ದಿನ ಬೆಳಿಗ್ಗೆ ಮುತ್ತಳಿವೆಯಲ್ಲಿ ಗಾಳಿ ಬರಲಿಲ್ಲ.

ಮುತ್ತಳಿವೆ ಕಡಲಂಚಿನ ಒಂದು ರೇವು. ಅದನ್ನು ಒಬ್ಬ ರಾಣಿ ಆಳುತ್ತಿದ್ದಳು. ಅಲ್ಲಿ ದಿನಾ ಬೆಳಿಗ್ಗೆ ಘಟ್ಟದ ಕಡೆಯಿಂದ ಗಾಳಿ ಇಳಿದು ಬರುತ್ತಿತ್ತು. ಹಾಯಿ ತುಂಬಿಕೊಂಡು ಹಡಗುಗಳು ಹೊಳೆಬಾಯಿ ದಾಟಿ ಕಡಲಿಗೆ ಹೋಗುತ್ತಿದ್ದವು. ಅವತ್ತು ಗಾಳಿ ಇಳಿಯಲಿಲ್ಲ. ಹಾಯಿಗಳು ಒಣಗಲು ಹಾಕಿದ ಪಂಚೆಯ ಹಾಗೆ ಜೋತುಬಿದ್ದವು. ಒಲೆಯ ಹೊಗೆ ನೆಟ್ಟಗೆ ಮೇಲೇರಿ ಅಲ್ಲೇ ನಿಂತುಕೊಂಡಿತು.

ಮೆಣಸಿನ ವ್ಯಾಪಾರಿ ಬಮ್ಮಣ್ಣ ಸೆಟ್ಟಿ ಹಡಗು ನಿಲ್ಲುವ ಧಕ್ಕೆಯ ಮೇಲೆ ನಿಂತು ತನ್ನ ಹಡಗನ್ನು ನೋಡಿದ. ಅವನಿಗೆ ಇದ್ದದ್ದು ಅದೊಂದೇ ಹಡಗು. ವರ್ಷದ ಮೆಣಸೆಲ್ಲ ಅದರ ಹೊಟ್ಟೆಯಲ್ಲಿತ್ತು. ಮಳೆಗಾಲ ಹತ್ತಿರ ಬಂದಿತ್ತು. ಮಳೆ ಹಿಡಿದರೆ ಹೊಳೆಬಾಯಿ ದಾಟುವಂತಿಲ್ಲ. ಮೆಣಸು ಅಲ್ಲೇ ಬೂಷ್ಟು ಹಿಡಿದು ಹಾಳಾಗುತ್ತದೆ. ಅದರ ಜೊತೆಗೆ ಸೆಟ್ಟಿಯೂ.

"ಏನಾಯ್ತು?" ಎಂದು ಹಡಗು ನಡೆಸುವ ಸುಕ್ರ ಟಾಂಡೇಲನನ್ನು ಕೇಳಿದ.

"ಗಾಳಿ ಇಲ್ಲ ಸೆಟ್ಟರೇ."

"ಅದು ನನಗೂ ಕಾಣ್ತದೆ. ಯಾಕೆ ಇಲ್ಲ?"

"ಗಾಳಿಯನ್ನೇ ಕೇಳಬೇಕು. ಸಿಕ್ಕಿದರೆ."

ಸೆಟ್ಟಿ ಉಗಿದು ಮನೆಗೆ ಹೋದ. ಮರುದಿನವೂ ಗಾಳಿ ಇಲ್ಲ. ಅದರ ಮರುದಿನ ಡಂಗುರದವನು ಬಂದ.

ಹೊಳೆಯ ಆಚೆ ದಡದಲ್ಲಿ ಟೊಪ್ಪಿ ದೊರೆಯ ಕೋಠಿ ಇತ್ತು. ದೊರೆ ದೂರದೇಶದಿಂದ ಹಡಗಿನಲ್ಲಿ ಬಂದವನು. ಊರಿನ ಸರಕನ್ನು ಕೊಂಡು ಆ ಕೋಠಿಯಲ್ಲಿ ತುಂಬಿಸುತ್ತಿದ್ದ. ಅವನು ಮಾಂತ್ರಿಕ ಎಂಬುದು ಎಲ್ಲರಿಗೂ ಗೊತ್ತಿತ್ತು. ಒಳ್ಳೆಯ ಬೆಲೆ ಕೊಡುತ್ತಿದ್ದುದರಿಂದ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

"ಗಾಳಿ ಬೇಕಾದವರು ಕೋಠಿಗೆ ಬನ್ನಿ" ಎಂದು ಅವನ ಡಂಗುರದವನು ಸಾರಿದ. "ಒಂದು ಹಡಗಿಗೆ ಸಾಲುವಷ್ಟು ಗಾಳಿಗೆ ಅರ್ಧ ಹಡಗು ಸರಕು."

ಸೆಟ್ಟಿಗೆ ತಾನು ಮಾಡಿದ ಒಂದು ವ್ಯಾಪಾರ ನೆನಪಾಯಿತು.

ಆ ರೇವಿನಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ವಾಡಿಕೆ ಇರಲಿಲ್ಲ. ಕೊಳ್ಳುವವನೂ ಮಾರುವವನೂ ಎದುರುಬದುರು ಕೂತು, ಕೈಗಳ ಮೇಲೆ ಒಂದು ಶಾಲು ಹೊದೆಸಿ, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಚೌಕಾಸಿ ಮಾಡುತ್ತಿದ್ದರು. ಏನು ಕೊಟ್ಟ, ಏನು ತಗೊಂಡ ಎಂಬುದು ಆ ಇಬ್ಬರನ್ನು ಬಿಟ್ಟು ಮೂರನೆಯವನಿಗೆ ತಿಳಿಯುತ್ತಿರಲಿಲ್ಲ. ಹಿಂದಿನ ತಿಂಗಳು ಟೊಪ್ಪಿ ದೊರೆ ಸೆಟ್ಟಿಯ ಅಂಗಡಿಗೆ ಬಂದು ಹಾಗೆಯೇ ಕೂತಿದ್ದ. ಅವನ ಬೆರಳು ಸತ್ತ ಮೀನಿನ ಹಾಗೆ ತಣ್ಣಗಿದ್ದವು. "ನಿಮ್ಮ ಹಾಯಿಗೆ ಬೀಳುವ ಗಾಳಿ ನನಗೆ ಕೊಡಿ" ಎಂದಿದ್ದ. ಇವನ ತಲೆಗೆ ಬಿಸಿಲು ಹತ್ತಿದೆ ಎಂದುಕೊಂಡು ಸೆಟ್ಟಿ ಕೊಟ್ಟುಬಿಟ್ಟಿದ್ದ. ಬದಲಿಗೆ ದಂತದ ಹಿಡಿಯ ಒಂದು ರೇಷ್ಮೆ ಛತ್ರಿ ಪಡೆದು, ವಾರವಿಡೀ ಒಬ್ಬನೇ ನಕ್ಕಿದ್ದ.

ಈಗ ಯೋಚಿಸಿದ. ನಾನು ಕೊಟ್ಟದ್ದು ನನ್ನ ಒಂದು ಹಾಯಿಯ ಗಾಳಿ. ಊರಿನ ಗಾಳಿಯೆಲ್ಲ ಎಲ್ಲಿ ಹೋಯಿತು?

ವ್ಯಾಪಾರಿಗಳೆಲ್ಲ ಸೇರಿ ರಾಣಿಯ ಹತ್ತಿರ ಹೋದರು. ಅಕ್ಕಿ ವ್ಯಾಪಾರದ ಕಾಮತಿ, ಬಟ್ಟೆ ವ್ಯಾಪಾರದ ಹಸನ ಸಾಯ್ಬ, ತೆಂಗಿನ ನಾರಿನ ಹಗ್ಗ ಮಾರುವ ಪದ್ದವ್ವ, ಹಿಂದೆ ಸೆಟ್ಟಿ. ರಾಣಿ ಕೇಳಿಸಿಕೊಂಡಳು. ಯಾಕೋ ಅವಳು ಯಾರ ಮುಖವನ್ನೂ ನೋಡಲಿಲ್ಲ. "ಯುವರಾಜನನ್ನು ಕಳಿಸ್ತೇನೆ" ಎಂದಳು.

ಯುವರಾಜ ಕತ್ತಿ ಹಿರಿದು ಹೋದ. ಹಿಂದಿರುಗಲಿಲ್ಲ. ಸಂಜೆಗೆ ಕೋಠಿಯ ಹೆಂಚಿನ ಮಾಡಿನ ಮೇಲೆ ಒಂದು ಕಬ್ಬಿಣದ ಹುಂಜ ಕಾಣಿಸಿತು. ಗಾಳಿ ಬಂದ ದಿಕ್ಕಿಗೆ ತಿರುಗುವಂಥ ಹುಂಜ, ರೆಕ್ಕೆಯ ಕೆಳಗೆ ಯುವರಾಜನ ಕತ್ತಿ. ಗಾಳಿಯೇ ಇರಲಿಲ್ಲವಾದ್ದರಿಂದ ಅದು ತಿರುಗಲೂ ಇಲ್ಲ.

"ಇನ್ನು ಯಾರು ಹೋಗೂದು?" ಎಂದ ಕಾಮತಿ. ಎಲ್ಲರೂ ಸೆಟ್ಟಿಯನ್ನು ನೋಡಿದರು.

"ನಾನೇ ಯಾಕೆ?"

"ನಿಮ್ಮದು ತುಂಬಿದ ಹಡಗು ಸೆಟ್ಟರೇ" ಎಂದ ಸಾಯ್ಬ. "ನಮ್ಮದು ಇನ್ನೂ ಅರ್ಧ ಖಾಲಿ. ನಮಗೆ ಅಷ್ಟು ಅವಸರ ಇಲ್ಲ."

"ನನಗೆ ಮೊಣಕಾಲು ನೋವು."

"ಯುವರಾಜರಿಗೆ ಏನೂ ನೋವಿರಲಿಲ್ಲ. ಏನಾಯ್ತು ನೋಡಿದಿರಲ್ಲ" ಎಂದಳು ಪದ್ದವ್ವ.

ಸೆಟ್ಟಿ ಹೊರಟ. ಕತ್ತಿ ಒಯ್ಯಲಿಲ್ಲ. ಅದನ್ನು ಹೊರುವುದೂ ಒಂದು ಕೆಲಸ.

ಹೊಳೆಯ ದಡದಲ್ಲಿ ಎರಡು ತಲೆಯ ಮೊಸಳೆ ಮಲಗಿತ್ತು. ದೊರೆಯ ಕೋಠಿಗೆ ಅದರ ಬೆನ್ನೇ ದಾರಿ. ಎಡಗಡೆಯ ತಲೆ ಬಾಯಿ ತೆರೆಯಿತು. "ದಾಟಿಸಬೇಕಾದರೆ ಒಂದು ಕೈಯ ಐದು ಬೆರಳು ಕೊಡು."

ಸೆಟ್ಟಿ ಬಲಗಡೆಯ ತಲೆಗೆ ತಿರುಗಿದ. "ನಿನ್ನ ದರ ಎಷ್ಟು?"

ಬಲಗಡೆಯ ತಲೆಯನ್ನು ಈವರೆಗೆ ಯಾರೂ ಏನೂ ಕೇಳಿರಲಿಲ್ಲ. ಅದಕ್ಕೆ ಖುಷಿಯಾಯಿತು. "ನಾಲ್ಕೇ ಬೆರಳು ಸಾಕು."

"ಕೇಳಿದೆಯಾ?" ಎಂದ ಸೆಟ್ಟಿ ಎಡಗಡೆಗೆ.

"ಮೂರು" ಎಂದಿತು ಎಡಗಡೆಯ ತಲೆ.

"ಎರಡು" ಎಂದಿತು ಬಲಗಡೆಯದು.

"ಒಂದು. ಅದೂ ಕಿರುಬೆರಳು."

"ಉಗುರು ಸಾಕು."

"ನಾನು ಸುಮ್ಮನೆ ದಾಟಿಸ್ತೇನೆ."

"ನಾನು ಸುಮ್ಮನೆ ದಾಟಿಸಿ ವಾಪಸೂ ತಂದುಬಿಡ್ತೇನೆ."

"ಆಗಲಿ" ಎಂದು ಸೆಟ್ಟಿ ಅದರ ಬೆನ್ನ ಮೇಲೆ ಹತ್ತಿದ. ಮೊಸಳೆ ಜಗಳವಾಡುತ್ತಲೇ ಈಜಿತು. ತಲೆ ಎರಡಾದರೂ ಹೊಟ್ಟೆ ಒಂದೇ ಎಂಬುದು ಎರಡಕ್ಕೂ ನೆನಪಾಗಲಿಲ್ಲ.

ಕೋಠಿಯ ಜಗಲಿಯಲ್ಲಿ ಒಂದು ಮುದಿ ಮಂಗ ಅಂಗಿ ತೊಟ್ಟು, ಕಿವಿಗೆ ಲೇಖನಿ ಸಿಕ್ಕಿಸಿಕೊಂಡು ಕೂತಿತ್ತು. ಅದರ ಎದುರಿಗೆ ಉದ್ದನೆಯ ಬೆಂಚು. ಬೆಂಚಿನ ಮೇಲೆ ಪರವೂರಿನ ವ್ಯಾಪಾರಿಗಳು ಸಾಲಾಗಿ ಕೂತಿದ್ದರು. ಅವರ ಕಾಲು ಬೇರಾಗಿ ನೆಲಕ್ಕೆ ಇಳಿದಿತ್ತು. ಭುಜದಲ್ಲಿ ಚಿಗುರು ಬಂದಿತ್ತು. ಒಬ್ಬನ ಮುಂಡಾಸಿನಲ್ಲಿ ಗುಬ್ಬಿ ಗೂಡು ಕಟ್ಟಿತ್ತು.

"ಕೂತ್ಕೊಳ್ಳಿ. ಕರೀತಾರೆ" ಎಂದಿತು ಮಂಗ.

"ನಿಂತಿರ್ತೇನೆ."

"ಹೊತ್ತಾಗ್ತದೆ."

"ಆಗಲಿ."

ಮಂಗ ನೆಲಗಡಲೆ ಬಿಡಿಸಿ ತಿಂದಿತು. ಬಾಲ ಬಾಚಿಕೊಂಡಿತು. ಕಣ್ಣು ಮುಚ್ಚಿತು.

"ಆಯ್ತಾ?" ಎಂದ ಸೆಟ್ಟಿ.

"ಇಲ್ಲ."

ಮಂಗ ಮತ್ತೆ ಕಣ್ಣು ಮುಚ್ಚಿತು. "ಆಯ್ತಾ?" ಎಂದ ಸೆಟ್ಟಿ. ಅದು ಆಕಳಿಸಿದಾಗಲೂ ಕೇಳಿದ, ಸೀನಿದಾಗಲೂ ಕೇಳಿದ. ಮೊಣಕಾಲು ಉರಿಯುತ್ತಿತ್ತು. ಬೆಂಚು ಮೆತ್ತಗೆ ಕಾಣುತ್ತಿತ್ತು. ಸೆಟ್ಟಿ ಅದರ ಕಡೆಗೆ ನೋಡದೆ ಮಂಗನನ್ನೇ ನೋಡಿದ. "ಆಯ್ತಾ?"

ಕೊನೆಗೆ ಮಂಗ ಬೀಗದಕೈ ತೆಗೆದು ಅವನ ಎದೆಗೆ ಎಸೆಯಿತು. "ನಿನ್ನಂಥ ಪೀಡೆಯನ್ನು ನಾನು ಕಂಡಿಲ್ಲ. ಹೋಗು ಒಳಗೆ."

ಒಳಗೆ ಉಗ್ರಾಣ. ನೆಲದಿಂದ ಮಾಡಿನವರೆಗೆ ಮಣ್ಣಿನ ಹಂಡೆಗಳು, ಬಾಯಿಗೆ ಬಿಗಿದ ತೊಗಲು. ಒಳಗಿನಿಂದ ಗಾಳಿ ಗುದ್ದುತ್ತಿತ್ತು. ನಡುವೆ ಟೊಪ್ಪಿ ದೊರೆ ಕುರ್ಚಿಯಲ್ಲಿ ಕೂತು ಕಾಲಾಡಿಸುತ್ತಿದ್ದ. ಅವನ ಟೊಪ್ಪಿ ಗಾಡಿಯ ಚಕ್ರದಷ್ಟು ಅಗಲವಾಗಿತ್ತು.

ಸೆಟ್ಟಿ ಹಂಡೆಗಳ ಸಾಲು ನೋಡಿದ. "ಇಷ್ಟೊಂದು ಯಾರದು?"

"ವ್ಯಾಪಾರದ ಗುಟ್ಟು ಬಿಟ್ಟುಕೊಡುವ ಪದ್ಧತಿ ನಿಮ್ಮೂರಲ್ಲಿ ಇಲ್ಲವಲ್ಲ ಸೆಟ್ಟರೇ" ಎಂದು ದೊರೆ ನಕ್ಕ. "ಒಬ್ಬೊಬ್ಬರೂ ನನ್ನನ್ನು ಪೆದ್ದ ಮಾಡಿದೆ ಅಂದುಕೊಂಡು ಮನೆಗೆ ಹೋದರು."

ಸೆಟ್ಟಿಗೆ ಅರ್ಥವಾಯಿತು. ಕಾಮತಿ, ಸಾಯ್ಬ, ಪದ್ದವ್ವ, ಎಲ್ಲರೂ. ಅವನು ಹಣೆ ಚಚ್ಚಿಕೊಂಡ.

"ಈ ವ್ಯಾಪಾರ ಮುರಿಯುವುದು ಹೇಗೆ?" ಎಂದು ಕೇಳಿದ.

"ಮುರಿಯೋದಿಲ್ಲ."

"ಹೇಗೆ ಮುರಿಯೋದು?"

"ಹೇಳೋದಿಲ್ಲ."

"ಹೇಗೆ?"

ಮೂರು ಸಲ ಕೇಳಿದ ಪ್ರಶ್ನೆಗೆ ಮಾಂತ್ರಿಕರು ನಿಜ ಹೇಳಲೇಬೇಕು. ದೊರೆ ಹಲ್ಲು ಕಡಿದ. "ಶಾಲಿನ ಕೆಳಗೆ ಆದದ್ದು ಶಾಲು ತೆಗೆದರೆ ಹೋಗ್ತದೆ. ಗಾಳಿ ಮಾರಿದವರೆಲ್ಲ ಹಗಲಲ್ಲಿ, ಬರಿಗೈ ಎತ್ತಿ, ಏನು ಮಾರಿದೆ, ಯಾವುದಕ್ಕೆ ಮಾರಿದೆ ಅಂತ ಒಬ್ಬರೆದುರು ಒಬ್ಬರು ಹೇಳಬೇಕು. ಒಬ್ಬ ಉಳಿದರೂ ಆಗದು." ಆಮೇಲೆ ಅವನು ಮತ್ತೆ ನಕ್ಕ. "ಹೋಗಿ, ಹೇಳಿಸಿ. ನಿಮ್ಮವರನ್ನು ನಾನೂ ಬಲ್ಲೆ."

ಮೊಸಳೆ ಮಾತಿಗೆ ತಪ್ಪದೆ ಸೆಟ್ಟಿಯನ್ನು ವಾಪಸು ತಂದುಬಿಟ್ಟಿತು.

ಅವನು ಮೊದಲು ಕಾಮತಿಯ ಮನೆಗೆ ಹೋದ.

"ನಾನಾ? ಗಾಳಿ ಮಾರೂದಾ?" ಎಂದ ಕಾಮತಿ. "ನಿಮಗೆ ಮರುಳಾ ಸೆಟ್ಟರೇ?"

ಅಷ್ಟರಲ್ಲಿ ಅಕ್ಕಿಯ ಕಣಜದೊಳಗಿನಿಂದ ಠಣ್ ಠಣ್ ಎಂದು ಸದ್ದಾಯಿತು.

"ಅದೇನು?"

"ಇಲಿ."

"ಇಲಿ ಗಂಟೆ ಹೊಡೀತದಾ?"

"ನಮ್ಮ ಮನೆಯದು ಹೊಡೀತದೆ" ಎಂದು ಕಾಮತಿ ಬಾಗಿಲು ಹಾಕಿಕೊಂಡ.

ಸಾಯ್ಬ ಗಡ್ಡ ಬಾಚುತ್ತ ನಿಂತಿದ್ದ. ಸೆಟ್ಟಿಯನ್ನು ಕಂಡು ಗೋಡೆಯ ಮೇಲೆ ಒಂದು ಚಾದರ ಎಳೆದ. ಅದು ಪೂರ್ತಿ ಮುಚ್ಚಲಿಲ್ಲ.

"ಅದೇನು ಸಾಯ್ಬರೇ?"

"ಕಿಟಕಿ. ಹೊಸದಾಗಿ ಇಡಿಸಿದೆ."

"ಕಿಟಕಿಯ ಆಚೆ ನಾನೇ ನಿಂತಿದ್ದೇನಲ್ಲ?"

"ಹೌದಾ? ಹಾಗಾದರೆ ಒಳಗೆ ಯಾಕೆ ಬಂದಿರಿ?"

ಪದ್ದವ್ವ ಹಗ್ಗದ ಸುರುಳಿಗಳ ಮೇಲೆ ಕಾಲು ಮಡಚಿ ಕೂತಿದ್ದಳು. ಸೀರೆಯಂಚಿನಿಂದ ಕೆಂಪು ಮಖಮಲ್ಲಿನ ಜೋಡು ಇಣುಕುತ್ತಿತ್ತು. ಆ ಊರಿನಲ್ಲಿ ಅಂಥ ಜೋಡು ಹೊಲಿಯುವವರು ಯಾರೂ ಇರಲಿಲ್ಲ.

"ನಾನು ಬಡಹೆಂಗಸು ಸೆಟ್ಟರೇ. ಮಾರೂದಕ್ಕೆ ನನ್ನ ಹತ್ತಿರ ಗಾಳಿ ಎಲ್ಲಿಂದ ಬರಬೇಕು?"

ಮೊಸಳೆಯೇ ವಾಸಿ ಎನಿಸಿತು ಸೆಟ್ಟಿಗೆ. ಮಂಗನೂ ವಾಸಿ. ಅವನು ಮತ್ತೆ ಕಾಮತಿಯ ಮನೆಗೆ ಹೋದ, ಮತ್ತೆ ಸಾಯ್ಬನ ಮನೆಗೆ ಹೋದ. ಬೈದ, ಬೇಡಿಕೊಂಡ, ರೇವು ಮುಳುಗುತ್ತದೆ ಎಂದು ಹೇಳಿದ. ಎಲ್ಲರೂ ಹೌದು ಹೌದು ಎಂದರು. ಮಾರಿದವರು ಯಾರೋ ಪಾಪಿಗಳು ಎಂದರು. ಒಬ್ಬನೂ ಒಪ್ಪಿಕೊಳ್ಳಲಿಲ್ಲ.

ಮರುದಿನ ಪಡುವಣದಲ್ಲಿ ಕರೀ ಮೋಡ ಎದ್ದಿತು.

"ಇವತ್ತು ಹಡಗು ಬಿಟ್ಟರೆ ಆಯ್ತು ಸೆಟ್ಟರೇ" ಎಂದ ಸುಕ್ರ. "ನಾಳೆ ಹೊಳೆಬಾಯಿಗೆ ತೆರೆ ಬರ್ತದೆ. ಹಡಗಿನ ಹೊಟ್ಟೆಯಲ್ಲಿ ಮೆಣಸು ಬೆವರ್ತಾ ಉಂಟು."

ಸೆಟ್ಟಿಗೆ ತಾಳ್ಮೆ ಮುಗಿಯಿತು. ಅವನು ಮನೆಗೆ ಹೋಗಿ ಛತ್ರಿ ತಂದ. ಮಟಮಟ ಮಧ್ಯಾಹ್ನ ಧಕ್ಕೆಯ ನಡುವೆ ನಿಂತು ಅದನ್ನು ಬಿಡಿಸಿದ. ಬರಿಗೈ ಮೇಲೆತ್ತಿದ. ಜನ ಸೇರಿದರು.

"ನಾನು ನನ್ನ ಹಾಯಿಯ ಗಾಳಿ ಮಾರಿದ್ದೇನೆ" ಎಂದ. "ಈ ಛತ್ರಿಗೆ ಮಾರಿದ್ದೇನೆ. ನೀವು ಯಾರೂ ಮಾರಿಲ್ಲ. ಸರಿ, ಒಪ್ಪಿದೆ. ಮಾರಿದ್ದರೂ ಇಂಥ ಬೆಲೆ ನಿಮ್ಮ ಯೋಗ್ಯತೆಗೆ ಹುಟ್ಟುತ್ತಿರಲಿಲ್ಲ. ಇಡೀ ರೇವಿನಲ್ಲಿ ಇಷ್ಟು ಒಳ್ಳೆ ವ್ಯಾಪಾರ ಮಾಡಿದವ ನಾನೊಬ್ಬನೇ."

ಅವನು ಉಪಾಯ ಹೂಡಿ ಆಡಿದ ಮಾತಲ್ಲ. ಸಿಟ್ಟಿಗೆ ಬಾಯಿಗೆ ಬಂದದ್ದು. ಆಚೆ ದಡದಲ್ಲಿ ಒಂದು ಹಂಡೆ ಟಪ್ಪೆಂದು ಒಡೆಯಿತು. ಅವನ ಹಡಗಿನ ಹಾಯಿಯ ಒಂದು ಮೂಲೆ ಅಲುಗಿತು.

ಕಾಮತಿ ಮುಂದೆ ಬಂದ. ಅವನ ಮುಖ ಕೆಂಪಾಗಿತ್ತು. "ಛತ್ರಿಗಾ?"

"ಹೂಂ."

"ಒಂದು ಛತ್ರಿಗೆ ಕೊಟ್ಟಿರಾ? ಅದನ್ನು ಒಳ್ಳೆ ಬೆಲೆ ಅಂತೀರಾ?" ಕಾಮತಿ ಕೈ ಎತ್ತಿದ. "ನನ್ನ ಗಾಳಿಗೆ ನನಗೆ ಗಡಿಯಾರ ಕೊಟ್ಟ ಮಾರಾಯರೇ. ತಾನೇ ಗಂಟೆ ಹೊಡಿಯೂ ಗಡಿಯಾರ."

ಟಪ್ಪೆಂದು ಇನ್ನೊಂದು ಹಂಡೆ ಒಡೆಯಿತು.

"ಗಡಿಯಾರ" ಎಂದು ಸಾಯ್ಬ ಮೂಗು ಮುರಿದ. "ದಿನಾ ಕೀಲಿ ಕೊಡಬೇಕು ಅದಕ್ಕೆ. ನನಗೆ ಆಳೆತ್ತರದ ಕನ್ನಡಿ ಕೊಟ್ಟಿದ್ದಾನೆ, ನನ್ನ ಗಾಳಿಗೆ. ಕೈ ಎತ್ತಿ ಹೇಳ್ತೇನೆ."

"ಕನ್ನಡಿ ಒಡೆದುಹೋಗ್ತದೆ" ಎಂದಳು ಪದ್ದವ್ವ. ಸೀರೆ ಎತ್ತಿ ಪಾದ ತೋರಿಸಿದಳು, ಆಮೇಲೆ ಕೈ ಎತ್ತಿದಳು. "ಹಗ್ಗ ಒಣಗಿಸುವ ನನ್ನ ಅಂಗಳದ ಗಾಳಿಗೆ ಈ ಜೋಡು. ರಾಣಿಯವರ ಹತ್ತಿರವೂ ಇಲ್ಲ."

ಆಮೇಲೆ ಯಾರನ್ನೂ ಕೇಳಬೇಕಾಗಲಿಲ್ಲ. ದೋಣಿಯವರು, ಉಪ್ಪಿನವರು, ಒಣಮೀನಿನವರು ಒಬ್ಬರನ್ನೊಬ್ಬರು ತಳ್ಳಿಕೊಂಡು ಮುಂದೆ ಬಂದರು. ಕೈ ಎತ್ತಿ ತಮ್ಮ ತಮ್ಮ ಬೆಲೆ ಕೂಗಿದರು. ಆಚೆ ದಡದಲ್ಲಿ ಹಂಡೆಗಳು ಒಡೆಯುತ್ತಲೇ ಹೋದವು.

ಗದ್ದಲ ನಿಂತಿತು. ಹಾಯಿಗಳು ಅರ್ಧ ತುಂಬಿ ಹಾಗೇ ನಿಂತವು. ಹಡಗು ಕದಲಲಿಲ್ಲ.

"ಇನ್ನೂ ಒಬ್ಬರಿದ್ದಾರೆ" ಎಂದ ಸೆಟ್ಟಿ. "ಯಾರು ಮಾರಾಯರೇ? ಯಾರದು?"

ಧಕ್ಕೆಯ ತುದಿಯಲ್ಲಿ ರಾಣಿಯ ಪಲ್ಲಕ್ಕಿ ನಿಂತಿತ್ತು. ಹುಂಜವಾದ ಮಗನನ್ನು ನೋಡಲು ಅವಳು ಅಲ್ಲಿಗೆ ಬಂದಿದ್ದಳು. ಪಲ್ಲಕ್ಕಿಯ ಪರದೆ ಸರಿಯಿತು. ಬಳೆ ತೊಟ್ಟ ಒಂದು ಕೈ ಹೊರಗೆ ಬಂದು ಮೇಲೆ ಎದ್ದಿತು.

"ಅರಮನೆಯ ಉಪ್ಪರಿಗೆಯ ಗಾಳಿ" ಎಂದಳು ರಾಣಿ. "ಒಂದು ಶೀಶೆ ಪನ್ನೀರಿಗೆ." ಕೈ ಇಳಿಸಿ, "ಶೀಶೆ ತುಂಬಿರಲಿಲ್ಲ" ಎಂದಳು.

ಯಾರೂ ನಗಲಿಲ್ಲ. ರೇವು ಕಟ್ಟಿದಾಗಿನಿಂದ ಇಷ್ಟು ಕೆಟ್ಟ ವ್ಯಾಪಾರ ಯಾರೂ ಮಾಡಿರಲಿಕ್ಕಿಲ್ಲ ಎಂದುಕೊಂಡ ಸೆಟ್ಟಿ. ಆದರೆ ಬಾಯಿ ಮುಚ್ಚಿಕೊಂಡೇ ಇದ್ದ.

ಕೊನೆಯ ಹಂಡೆ ಒಡೆಯಿತು. ಕೂಡಿಹಾಕಿದ್ದ ಗಾಳಿಯೆಲ್ಲ ಒಮ್ಮೆಗೇ ಎದ್ದಿತು. ಕೋಠಿಯ ಹೆಂಚುಗಳು ಹಾರಿದವು. ಟೊಪ್ಪಿ ದೊರೆ ಎರಡೂ ಕೈಯಲ್ಲಿ ಟೊಪ್ಪಿ ಹಿಡಿದುಕೊಂಡ. ಬಿಟ್ಟಿದ್ದರೆ ಉಳಿಯುತ್ತಿದ್ದ. ಗಾಳಿ ಟೊಪ್ಪಿಯನ್ನು ಎತ್ತಿತು, ಟೊಪ್ಪಿ ಅವನನ್ನು ಎತ್ತಿತು. ಕಡಲ ಮೇಲೆ ಅವನು ಕಾಗೆಯಷ್ಟಾದ, ನೊಣದಷ್ಟಾದ, ಆಮೇಲೆ ಕಾಣಲಿಲ್ಲ. ಬೆಂಚಿನ ಮೇಲಿದ್ದವರು ಎಲೆ ಉದುರಿಸಿಕೊಂಡು ಎದ್ದರು. ಕಬ್ಬಿಣದ ಹುಂಜ ಗರಗರ ತಿರುಗಿ ಹೊಳೆಗೆ ಬಿದ್ದು, ಯುವರಾಜನಾಗಿ ಈಜಿ ದಡ ಹತ್ತಿತು. ರಾಣಿ ಅವನ ತಲೆ ಒರೆಸಿದಳು.

ಧಕ್ಕೆಯ ಮೇಲೆ ಕನ್ನಡಿ ಹೆಚ್ಚೋ ಗಡಿಯಾರ ಹೆಚ್ಚೋ ಎಂದು ಜಗಳ ಹತ್ತಿಕೊಂಡಿತ್ತು. ಸೆಟ್ಟಿ ಅದಕ್ಕೆ ಕಿವಿಗೊಡಲಿಲ್ಲ.

"ಹಡಗು ಬಿಡು" ಎಂದ ಸುಕ್ರನಿಗೆ.

ಹಡಗು ಸಂಜೆಗೆ ಮುಂಚೆ ಹೊಳೆಬಾಯಿ ದಾಟಿತು. ಮರುದಿನ ಮಳೆ ಹಿಡಿಯಿತು. ಆ ವರ್ಷ ಮುತ್ತಳಿವೆಯಲ್ಲಿ ಎಲ್ಲರೂ ಉಂಡು ಸುಖವಾಗಿದ್ದರು.